ಸ್ವಾಮಿಯ ಅವ್ವ ಎಲ್ಲಿಯವಳು?

ಕಳೆದ ತಿಂಗಳು ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಅರ್ಜಿ ಎಂಟು ದಿನ ಕೂತಿತ್ತು. ನಮ್ಮ ಮೈದುನನ ಮಗಳು ಬಿ.ಎ. ಮುಗಿಸಿದ್ದಾಳೆ. ಹೆಗ್ಗೋಡಿನ ನೀನಾಸಂ ನಾಟಕ ಶಾಲೆಗೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಅರ್ಜಿ ತುಂಬಿದ್ದಾಳೆ, ಫೋಟೋ ಅಂಟಿಸಿದ್ದಾಳೆ, ಆದರೆ ಅಪ್ಪ ಹೂಂ ಅನ್ನುವವರೆಗೆ ಕಳಿಸುವುದಿಲ್ಲ ಅಂದಿದ್ದಾಳೆ. ಅಪ್ಪ ಹೂಂ ಅನ್ನಲೊಲ್ಲ, ಉಹೂಂ ಅನ್ನಲೂ ಒಲ್ಲ. ಕಡೆಗೆ ಒಂದು ಸಂಜೆ ಹೊಲದಿಂದ ಬಂದವನು ಕಾಲು ತೊಳೆದು ನನ್ನ ಮುಂದೆ ಕೂತ.

“ವೈನಿ, ನೀವರೆ ಹೇಳ್ರಿ. ನಾಟಕ ಮಾಡ್ಲಾಕ ಹೋದ್ರ ಹೊಟ್ಟಿ ತುಂಬತದೇನು? ನಾಳಿ ಈಕಿಗಿ ಯಾರ ಮಾಡ್ಕೋತಾರ?”

ಹುಡುಗಿ ಒಳಗಿನಿಂದಲೇ ಕೂಗಿದಳು: “ದೊಡ್ಡವ್ವ, ನೀ ಟೀವಿ ನೋಡಿ ನೋಡಿ ಇಷ್ಟೆಲ್ಲ ಬರೀತಿ. ಆ ಟೀವಿಯಾಗಿನ ಮಂದಿ ಮೊದಲ ಏನಿದ್ರು ಅಂತ ಅಪ್ಪಗ ಒಂದ್ ಸಲ ಹೇಳಲ್ಲ!”

ಮಾತು ಸರಿಯೇ. ಸಿನಿಮಾ, ಧಾರಾವಾಹಿಗಳ ಬಗ್ಗೆ ಬರೆಯುವಾಗ ನಾವು ಪಾತ್ರ ಹೇಗಿತ್ತು, ಕಣ್ಣೀರು ಬಂತೋ ಇಲ್ಲವೋ ಎಂದು ಬರೆಯುತ್ತೇವೆ. ಆ ಮುಖ ಪರದೆಗೆ ಬರುವ ಮೊದಲು ಎಲ್ಲಿತ್ತು, ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳುವುದಿಲ್ಲ. ಮೈದುನನಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಟೀವಿಯ ವಿಷಯದಲ್ಲಿ ನಮ್ಮ ಕಡೆಯವರು ಬೆಂಗಳೂರಿನವರಿಗಿಂತ ಮುಂದೆ ಅಂದರೆ ನೀವು ನಗಬಹುದು. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಹಿಂದುಳಿದವರು ಎಂಬ ಹಣೆಪಟ್ಟಿಯಿಂದ ನಮಗೆ ಸಿಕ್ಕ ಲಾಭ ಅದೊಂದೇ ಇರಬೇಕು.

ನಾನು ಸೊಸೆಯಾಗಿ ಕೋಡ್ಲಾಕ್ಕೆ ಬಂದದ್ದು 1986ರಲ್ಲಿ. ಆಗ ನಮ್ಮ ಓಣಿಗೆ ಒಂದೇ ಟೀವಿ, ಅದೂ ಕಪ್ಪು ಬಿಳುಪು. ಸಂಜೆ ಆ ಮನೆಯ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ನಾವು ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹೊಸ ಸೊಸೆಯಂದಿರು ಬಾಗಿಲ ಹಿಂದೆ. ನಾನು ‘ಮಾಲ್ಗುಡಿ ಡೇಸ್’ ನೋಡಿದ್ದು ಹಾಗೆ, ಬಾಗಿಲ ಸಂದಿನಿಂದ. ಹಿಂದಿಯಲ್ಲಿ ಬರುತ್ತಿತ್ತು. ನಿಜಾಮನ ಕಾಲದಿಂದ ಉರ್ದು ಕೇಳಿದ ಕಿವಿಗಳು ನಮ್ಮವು, ತಿಳಿಯಲು ತೊಂದರೆಯಾಗಲಿಲ್ಲ. ಆರ್.ಕೆ. ನಾರಾಯಣರ ಕಥೆ, ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಮಳೆ. ಅಲ್ಲಿಯ ಹೆಂಚಿನ ಮನೆಗಳನ್ನು ನೋಡಿ ನಮ್ಮ ಅತ್ತಿ, “ಇಷ್ಟ್ ಮಳಿ ಬಂದ್ರ ತೊಗರಿ ಹೆಂಗ ಉಳೀತದವಾ?” ಎಂದು ಚಿಂತೆ ಮಾಡುತ್ತಿದ್ದರು.

ಸ್ವಾಮಿಯ ಮನೆಯ ಮೂವರನ್ನೇ ತೆಗೆದುಕೊಳ್ಳಿ: ಅಪ್ಪ, ಅವ್ವ, ಮಗ.

ಅಪ್ಪ ಗಿರೀಶ ಕಾರ್ನಾಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದವರು. ಬಂದ ಮೇಲೆ 1963ರಿಂದ 1970ರವರೆಗೆ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿ. ಅಷ್ಟರಲ್ಲಿ ‘ಯಯಾತಿ’, ‘ತುಘಲಕ್’ ಬರೆದಾಗಿತ್ತು. 1970ರಲ್ಲಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ. ಆ ಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರು. ಸ್ವಾಮಿಯ ಅಪ್ಪನಾಗಿ ಅವರು ಪೇಪರ್ ಮಡಚಿ ಮಗನ ಕಡೆ ನೋಡಿದರೆ ಸಾಕಾಗುತ್ತಿತ್ತು, ಬಾಗಿಲ ಹಿಂದಿದ್ದ ನಾನೂ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ದನಿ ಎತ್ತದೆ ಹೆದರಿಸುವ ಆ ಗತ್ತು ಓದಿನಿಂದಲೂ ಅಧಿಕಾರದಿಂದಲೂ ಬಂದದ್ದು ಎಂದು ಆಗ ಅನ್ನಿಸಿತ್ತು.

ಮಗ ಮಾಸ್ಟರ್ ಮಂಜುನಾಥ್. ದೇಶಕ್ಕೆಲ್ಲ ಗೊತ್ತಾದ ಮುಖ. ದೊಡ್ಡವನಾದ ಮೇಲೆ ಬಣ್ಣ ಬಿಟ್ಟು, ಓದು ಮುಂದುವರಿಸಿ ಬೇರೆ ಕೆಲಸ ಹಿಡಿದ. ಜನ ಅಯ್ಯೋ ಪಾಪ ಅಂದರು. ಪಾಪ ಯಾಕೆ? ತಾನೇ ಬಿಟ್ಟದ್ದು. ಬಿಡುವುದಕ್ಕೂ ಬಿಡಿಸುವುದಕ್ಕೂ ಭೂಮಿ ಆಕಾಶದ ಅಂತರವಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮಾತು ಆಮೇಲೆ.

ಇನ್ನು ಅವ್ವ. ಕಥೆ ಹುಡುಗನದು, ಹೆದರಿಕೆ ಅಪ್ಪನದು, ಅವ್ವನಿಗೆ ಉಳಿದದ್ದು ನಡುವಿನ ಜಾಗ. ಮಾತು ಕಡಿಮೆ, ಕೆಲಸ ಜಾಸ್ತಿ. ಆದರೆ ಆಕೆ ಅಪ್ಪನ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡುವ ಆ ನೋಟ ನಮ್ಮ ಓಣಿಯ ಪ್ರತಿ ಹೆಂಗಸಿಗೂ ಪರಿಚಯದ್ದು. ಅದನ್ನು ನೋಡುತ್ತಿದ್ದಾಗಲೇ ಯಾರೋ ಅಂದರು: “ಈಕಿ ನಮ್ಮ ಗುಲ್ಬರ್ಗಾದಾಕಿ ಅಂತ!” ಹೌದು, ವೈಶಾಲಿ ಕಾಸರವಳ್ಳಿ ಹುಟ್ಟಿದ್ದು ಗುಲ್ಬರ್ಗಾದಲ್ಲಿ, 1952ರಲ್ಲಿ. ಆ ಒಂದು ಮಾತಿಗೆ ನಾನು ಬಾಗಿಲ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದೆ.

ವೈಶಾಲಿಯವರ ಬಗ್ಗೆ ಬರೆಯುವವರು ಮೊದಲು ಬರೆಯುವುದು “ಖ್ಯಾತ ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಪತ್ನಿ” ಎಂದು. ಅದು ಸುಳ್ಳಲ್ಲ. ಆದರೆ ಅಲ್ಲಿಂದಲೇ ಶುರು ಮಾಡಿದರೆ ಅದಕ್ಕೆ ಮೊದಲಿನದು ಮುಚ್ಚಿಹೋಗುತ್ತದೆ. ಆಕೆ ರಂಗಭೂಮಿಯಿಂದ ಬಂದವರು. ‘ಆಕ್ರಮಣ’ದಂಥ ಚಿತ್ರಗಳಲ್ಲಿ ನಟಿಸಿದರು. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆಮೇಲೆ ಧಾರಾವಾಹಿಗಳ ನಿರ್ದೇಶನಕ್ಕೆ ಇಳಿದರು. ‘ಮೂಡಲ ಮನೆ’, ‘ಮುತ್ತಿನ ತೋರಣ’ ನೋಡಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2010ರಲ್ಲಿ ತೀರಿಕೊಂಡರು. ಕಾರ್ನಾಡರು ಹಲವು ಕೆಲಸ ಮಾಡಿದರೆ ಅದನ್ನು ಬಹುಮುಖ ಪ್ರತಿಭೆ ಅನ್ನುತ್ತೇವೆ. ಹೆಂಗಸು ನಟನೆ, ಬಟ್ಟೆ, ನಿರ್ದೇಶನ ಎಂದು ಮೂರು ಕೆಲಸ ಕಲಿತರೆ ಮನೆಯ ಕೆಲಸದಲ್ಲಿ ಕೈಜೋಡಿಸಿದಳು ಅನ್ನುತ್ತೇವೆ. ನಮ್ಮ ವಿಮರ್ಶೆಯ ಈ ತಕ್ಕಡಿಯನ್ನು ಒಮ್ಮೆ ತಿರುವಿ ನೋಡಬೇಕು.

ಇಷ್ಟು ಕೇಳಿ ಮೈದುನ ಅಂದ: “ಅವರೆಲ್ಲ ಓದಿದವ್ರು, ಊರಾಗಿದ್ದವ್ರು. ನಮ್ಮಂಥಾ ಮಂದಿ?”

ಆಗ ಹುಡುಗಿ ತನ್ನ ಮೊಬೈಲಿನಲ್ಲಿ ‘ಸದ್ಗತಿ’ ಹಚ್ಚಿದಳು. ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕೆಂದೇ ತೆಗೆದ ಚಿತ್ರ. ಪ್ರೇಮಚಂದರ ಕಥೆ, ಒಂದು ಗಂಟೆಯೂ ಇಲ್ಲ. ಮಗಳ ಮದುವೆ ನಿಶ್ಚಯಕ್ಕೆ ಪಂಡಿತನನ್ನು ಕರೆಯಲು ಹೋದ ದುಖಿ ಎಂಬ ಚಮ್ಮಾರನಿಗೆ ಪಂಡಿತ ಒಂದಾದ ಮೇಲೊಂದು ಕೆಲಸ ಹೇಳುತ್ತಾನೆ. ಹಸಿದ ಹೊಟ್ಟೆಯಲ್ಲಿ ಗಟ್ಟಿ ಕೊರಡು ಸೀಳುತ್ತ ದುಖಿ ಅಲ್ಲೇ ಸಾಯುತ್ತಾನೆ. ನಾವು ಮೂವರೂ ಅಡುಗೆಮನೆಯ ಗೋಡೆಗೆ ಒರಗಿ ನೋಡಿದೆವು. ಒಲೆಯ ಮೇಲಿನ ಬೇಳೆ ಸೀದದ್ದು ಯಾರಿಗೂ ಗೊತ್ತಾಗಲಿಲ್ಲ.

ದುಖಿ ಆದವರು ಓಂ ಪುರಿ. ಬಡ ಮನೆಯಲ್ಲಿ ಹುಟ್ಟಿ, ಸಣ್ಣವರಿದ್ದಾಗ ಚಹಾದಂಗಡಿಯಲ್ಲಿ ಲೋಟ ತೊಳೆದವರು. ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಹೆಂಡತಿ ಝುರಿಯಾ ಆದ ಸ್ಮಿತಾ ಪಾಟೀಲ ಮುಂಬಯಿ ದೂರದರ್ಶನದಲ್ಲಿ ಮರಾಠಿ ವಾರ್ತೆ ಓದುತ್ತಿದ್ದವರು. ಜೀನ್ಸ್ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡು ವಾರ್ತೆಗೆ ಕೂಡುತ್ತಿದ್ದರಂತೆ. ನಮ್ಮ ನಾಗಾಭರಣರ ‘ಅನ್ವೇಷಣೆ’ಯಲ್ಲೂ ಆಕೆ ನಟಿಸಿದ್ದರು. 31ನೇ ವಯಸ್ಸಿಗೇ, 1986ರಲ್ಲಿ ತೀರಿಹೋದರು. ಪಂಡಿತನಾದ ಮೋಹನ್ ಆಗಾಶೆ ಪುಣೆಯ ಮನೋರೋಗ ತಜ್ಞರು, ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದವರು, ಜೊತೆಗೆ ಮರಾಠಿ ನಾಟಕದ ದೊಡ್ಡ ನಟ.

ಹಾಗಾದರೆ ಬಡತನ ಕಂಡಿದ್ದರಿಂದ ಓಂ ಪುರಿ ಬಡವನ ಪಾತ್ರ ಚೆನ್ನಾಗಿ ಮಾಡಿದರು ಅನ್ನೋಣವೇ? ಇಂಥ ಮಾತು ಕೇಳಲು ಹಿತ, ಆದರೆ ಅರ್ಧ ಸತ್ಯ. ಸ್ಮಿತಾ ಪಾಟೀಲರು ಝುರಿಯಾಳ ಬದುಕನ್ನು ಬದುಕಿದವರಲ್ಲ. ಆದರೂ ಮಳೆಯಲ್ಲಿ ಆ ಹೆಣದ ಮುಂದೆ ಅವರು ಇಟ್ಟ ಅಳು ನಮ್ಮ ಅಡುಗೆಮನೆಯನ್ನು ಮೌನ ಮಾಡಿತು. ಕಷ್ಟ ಪಟ್ಟವರೆಲ್ಲ ನಟಿಯರಾಗುವುದಿದ್ದರೆ ತೊಗರಿ ಹೊಲಕ್ಕೆ ಕಳೆ ಕೀಳಲು ಹೋಗುವ ನಮ್ಮೂರಿನ ಹೆಂಗಸರೆಲ್ಲ ಪ್ರಶಸ್ತಿ ತರಬೇಕಿತ್ತು. ಅನುಭವ ಬೇರೆ, ಅದನ್ನು ಇನ್ನೊಬ್ಬರಿಗೆ ಮುಟ್ಟಿಸುವ ವಿದ್ಯೆ ಬೇರೆ. ದುಖಿಯ ಕೊಡಲಿಯ ಏಟಿನಲ್ಲಿ ಅನುಭವವಿದೆ. ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪವೇ ಶಕ್ತಿ ಉಡುಗಿಸುತ್ತ ಹೋದದ್ದು ಕಲಿತ ವಿದ್ಯೆ. ಕಾರ್ನಾಡರ ಗತ್ತನ್ನು ಅವರ ಓದಿನಿಂದ ಬಂದದ್ದು ಎಂದುಕೊಂಡಿದ್ದೆನಲ್ಲ, ಅದನ್ನೂ ಈಗ ತಿದ್ದಿಕೊಳ್ಳುತ್ತೇನೆ. ಆಕ್ಸ್‌ಫರ್ಡಿಗೆ ಹೋಗಿಬಂದವರೆಲ್ಲ ಹಾಗೆ ಪೇಪರ್ ಮಡಚಲಾರರು.

ಮೈದುನನಿಗೆ ನಾನು ಸುಳ್ಳು ಹೇಳಲಿಲ್ಲ. ಈ ಪಟ್ಟಿಯಲ್ಲಿ ಬಂದವರೆಲ್ಲ ಗೆದ್ದವರು. ಅವರ ಜೊತೆಗೇ ಕಲಿತು, ಸೋತು, ಊರಿಗೆ ಮರಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಗೆದ್ದವರಿಗೂ ನೇರ ದಾರಿ ಸಿಕ್ಕಿಲ್ಲ. ಆಗಾಶೆ ಡಾಕ್ಟರಿಕೆ ಇಟ್ಟುಕೊಂಡೇ ಬಣ್ಣ ಹಚ್ಚಿದರು. ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಜನರ ಕಣ್ಣು ತೋಯಿಸಿದ ಉಮಾಶ್ರೀ ಅವರಿಗೆ ಸಿನಿಮಾ ವರ್ಷಗಟ್ಟಲೆ ಕೊಟ್ಟದ್ದು ನಗೆಚಾಟಿಕೆಯ ಪಾತ್ರಗಳನ್ನು. ಆಕೆಯ ಅಳತೆಗೆ ತಕ್ಕ ‘ಗುಲಾಬಿ ಟಾಕೀಸು’ ಬಂದದ್ದು 2008ರಲ್ಲಿ, ಐವತ್ತು ದಾಟಿದ ಮೇಲೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅಷ್ಟು ವರ್ಷ ಕಾಯುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದೂ ಇಲ್ಲ.

“ಹಂಗಾದ್ರ ಬ್ಯಾಡ ಅಂತೀರೇನು?” ಅಂದ ಮೈದುನ.

ಆಗ ನಾನು ಆ ಮನೆಯಲ್ಲಿ ಯಾರಿಗೂ ಹೇಳದ ಮಾತು ಹೇಳಿದೆ. 1985ರಲ್ಲಿ ಕಾಲೇಜಿನ ಗ್ಯಾದರಿಂಗಿನಲ್ಲಿ ನಾನೊಂದು ನಾಟಕದಲ್ಲಿ ಮುದುಕಿಯ ಪಾತ್ರ ಮಾಡಿದ್ದೆ. ಹತ್ತೊಂಬತ್ತರ ಹುಡುಗಿ ಎಪ್ಪತ್ತರ ಮುದುಕಿ. ಜನ ನಕ್ಕರು, ಆಮೇಲೆ ನಗು ನಿಂತಿತು. ಆ ನಗು ನಿಂತ ಗಳಿಗೆ ಇನ್ನೂ ನನ್ನ ಕಿವಿಯಲ್ಲಿದೆ. ಎರಡನೆಯ ನಾಟಕಕ್ಕೆ ಹೆಸರು ಕೊಟ್ಟಾಗ ಮನೆಯ ಹಿರಿಯರು ಬಂದು ಕರೆದುಕೊಂಡು ಹೋದರು. ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ವರ್ಷ ಮದುವೆ ಮಾಡಿದರು. ಒಳ್ಳೆಯ ಮನೆಗೇ ಕೊಟ್ಟರು, ದೂರಿಲ್ಲ. ಆದರೆ ನನಗೆ ನಟನೆ ಬರುತ್ತಿತ್ತೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಮಂಜುನಾಥ್ ಬಿಟ್ಟಾಗ ತಾನು ಏನು ಬಿಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ನನಗೆ ಅದೂ ಗೊತ್ತಾಗಲಿಲ್ಲ. ಟೀವಿಯ ಮುಂದೆ ಕೂತು ಇವರು ಹೇಗೆ ಮಾಡಿದರು, ಅವರು ಹೇಗೆ ಮಾಡಿದರು ಎಂದು ನಲವತ್ತು ವರ್ಷ ಯಾಕೆ ನೋಡಿದೆ, ಯಾಕೆ ಬರೆದೆ ಎಂದರೆ ಇಷ್ಟೇ.

“ಈಕಿ ಗೆಲ್ತಾಳಂತ ನಾ ಹೇಳಲ್ಲಪ್ಪ,” ಅಂದೆ. “ಕಲೀಲಿ. ಬರದಿದ್ರ ಬರಲಿಲ್ಲಂತ ಆಕಿಗೇ ಗೊತ್ತಾಗ್ಲಿ. ಜೊತಿಗೆ ಬಿ.ಎಡ್. ಮಾಡ್ತಾಳೋ ಇನ್ನೇನ್ ಮಾಡ್ತಾಳೋ, ಹೊಟ್ಟಿಗಿ ಒಂದು ದಾರಿ ನೋಡ್ಕೋತಾಳ.”

ಮೈದುನ ಬಹಳ ಹೊತ್ತು ಸುಮ್ಮನೆ ಕೂತ. ಹೊರಗೆ ಸಿಮೆಂಟ್ ಲಾರಿಗಳು ಹೋಗುವ ಸಪ್ಪಳ. ಆಮೇಲೆ ಎದ್ದು ಹೋಗಿ ಜಗಲಿಯ ಮೇಲಿನ ಅರ್ಜಿಯನ್ನು ತೆಗೆದುಕೊಂಡ, ಬೆಳಕಿಗೆ ಹಿಡಿದು ಮಗಳ ಫೋಟೋ ನೋಡಿದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

“ವೈನಿ,” ಅಂದ, “ಆ ಕಡಿಗಿ ಹೋಗ್ಲಾಕ ವಾಡಿಯಿಂದ ಗಾಡಿ ಎಷ್ಟೊತ್ತಿಗದ?”