ಅಣಬೆಯ ಮದ್ದು, ತಾತಯ್ಯನ ಕಲ್ಲು

ಸಾವಿನ ಭಯಕ್ಕೆ ಮದ್ದುಂಟೇ? ಉಂಟು ಎನ್ನುವ ಎರಡು ವರದಿಗಳು 2016ರಲ್ಲಿ ಅಮೆರಿಕದಿಂದ ಬಂದವು. ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೊಸೈಬಿನ್ ಎಂಬ ವಸ್ತುವನ್ನು ಜಾನ್ಸ್ ಹಾಪ್ಕಿನ್ಸ್‌ನಲ್ಲಿ 51, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 29 ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದ್ದರು. ಹಾಪ್ಕಿನ್ಸ್‌ನ ಸುಮಾರು ಶೇ. 80 ಮಂದಿಯಲ್ಲಿ ಆರು ತಿಂಗಳಾದರೂ ಖಿನ್ನತೆ, ಕಳವಳ ಗಣನೀಯವಾಗಿ ತಗ್ಗಿಯೇ ಇದ್ದವು. ನಾನು ಬೇರೆ, ಲೋಕ ಬೇರೆ ಎಂಬ ಭಾವವೇ ಕರಗಿತು ಎಂದವರಲ್ಲಿ ಫಲ ಹೆಚ್ಚಾಗಿತ್ತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಕರಗುವಿಕೆಯ ಮಾತು ಹಳೆಯದು. ಕೈವಾರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಆ ಊರಿನ ತಾತಯ್ಯ, ಯೋಗಿ ನಾರೇಯಣರು, ಬಳೆ ಮಾರುತ್ತಿದ್ದ ಸಂಸಾರಿ. ಗುರು ಪರದೇಶಿಸ್ವಾಮಿ ಕೊಟ್ಟ ಕಲ್ಲನ್ನು ಬಾಯಲ್ಲಿಟ್ಟುಕೊಂಡು, ಅದು ಕಲ್ಲುಸಕ್ಕರೆಯಾಗುವ ತನಕ ಗವಿಯಲ್ಲಿ ಜಪಕ್ಕೆ ಕೂತರೆಂದು ಭಕ್ತರು ಹೇಳುತ್ತಾರೆ. ನಂಬುವುದು, ಬಿಡುವುದು ಅವರವರಿಗೆ. ಆ ಕಲ್ಲಿನಲ್ಲಿ ಅಮಲಿರಲಿಲ್ಲ, ಸಿಹಿ ಬಂದದ್ದು ಕೂತು ಕಾದದ್ದರಿಂದ. ಸೈಲೊಸೈಬಿನ್ ಮಾತ್ರೆಯಾದರೋ ಕೆಲವೇ ಗಂಟೆಗಳಲ್ಲಿ ತುದಿ ಮುಟ್ಟಿಸುತ್ತದೆ.

ಹಾಗೆಂದು ಮಾತ್ರೆಯನ್ನು ಅಡ್ಡದಾರಿ ಎಂದು ಹೀಗಳೆಯಲಾರೆ. ಮೂರೇ ತಿಂಗಳು ಆಯುಷ್ಯ ಉಳಿದವರಿಗೆ ವರ್ಷಗಟ್ಟಲೆ ಸಾಧನೆ ಮಾಡಿ ಎನ್ನುವುದು ಕ್ರೌರ್ಯ. ಆದರೆ ವರದಿಗಳಲ್ಲಿ ಕೊರತೆಗಳಿವೆ. ಭಾಗವಹಿಸಿದವರಲ್ಲಿ ಬಹುತೇಕರು ಬಿಳಿಯರು. ತಮಗೆ ಸಿಕ್ಕಿದ್ದು ಮದ್ದಿನ ಪೂರ್ಣ ಪ್ರಮಾಣವೋ ಅಲ್ಲವೋ ಎಂದು ರೋಗಿಗಳೇ ಊಹಿಸಬಹುದಿತ್ತು. ಕೊನೆಗೆ ಎಲ್ಲರಿಗೂ ಪೂರ್ಣ ಪ್ರಮಾಣ ಕೊಟ್ಟದ್ದರಿಂದ ಆರು ತಿಂಗಳ ಫಲವನ್ನು ಹೋಲಿಸಿ ನೋಡಲು ಬೇರೆ ಗುಂಪೇ ಉಳಿಯಲಿಲ್ಲ. ಮೊದಲ ವಾರಗಳ ಹೋಲಿಕೆಯಲ್ಲಿ ಮದ್ದಿನ ಪಾಲು ಕಾಣುತ್ತದೆ, ನಿಜ. ಆದರೆ ಮದ್ದು ಒಂಟಿಯಾಗಿ ಕೆಲಸ ಮಾಡಿಲ್ಲ. ಪ್ರಯೋಗ ನಡೆಸಿದವರು ಮೊದಲೇ ಹಲವು ಸಲ ರೋಗಿಗಳ ಜೊತೆ ಕೂತು ಮಾತಾಡಿದ್ದರು. ಮದ್ದು ಕೊಟ್ಟ ದಿನ ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಪಕ್ಕದಲ್ಲಿ ಇಡೀ ಹೊತ್ತು ನೋಡಿಕೊಳ್ಳುವ ಇಬ್ಬರು. ಸಾವಿನ ಭಯದಲ್ಲಿದ್ದವರ ಜೊತೆ ಸಾವಿನ ಬಗ್ಗೆಯೇ ಮಾತಾಡಿದ್ದು ಈ ಪ್ರಯೋಗದ ದೊಡ್ಡ ಗುಣ.

ನಮ್ಮಲ್ಲಿ ತಪ್ಪಿರುವುದು ಅದೇ. ಸಾವಿನ ಮನೆಯಲ್ಲಿ ಭಜನೆಯವರು ತಾಳ, ಹಾರ್ಮೋನಿಯಂ ಹಿಡಿದು ರಾತ್ರಿಯಿಡೀ ತತ್ವಪದ ಹಾಡುತ್ತಾರೆ, ತೆಲುಗಿನಲ್ಲೂ ಕನ್ನಡದಲ್ಲೂ. ದೇಹ ನಿಲ್ಲದು, ಎಚ್ಚರಾಗು ಎಂಬುದೇ ಆ ಪದಗಳ ಸಾರ. ಆದರೆ ಅವರು ಬರುವುದು ಉಸಿರು ನಿಂತ ಮೇಲೆ. ಅದಕ್ಕೂ ಮುಂಚೆ, ಮಂಚದಲ್ಲಿರುವ ಅಪ್ಪನಿಗೆ ಕಾಯಿಲೆಯ ಹೆಸರನ್ನೂ ಹೇಳದೆ "ನಿನಗೇನೂ ಆಗಿಲ್ಲ, ಸುಮ್ನಿರಪ್ಪ" ಅನ್ನುತ್ತೇವೆ. ಉಳಿದವರಿಗೆ ಸಮಾಧಾನ ಕೊಡುವ ಒಳ್ಳೆಯ ಆಚರಣೆ ಹೋಗುವವರನ್ನೇ ಕೈಬಿಟ್ಟಿದೆ.

ಇನ್ನು ಮದ್ದಿನ ಮಾತು: ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಸೈಲೊಸೈಬಿನ್ ಅನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಬದುವಿನ ಉಮ್ಮತ್ತಿ, ಗುರುತಿಲ್ಲದ ಅಣಬೆ ಅದಕ್ಕೆ ಬದಲಿಯಲ್ಲ, ಪ್ರಾಣಕ್ಕೇ ಸಂಚಕಾರ. ನೋವು ತಗ್ಗಿಸುವ ಮಾರ್ಫಿನ್ ಆದರೋ ಕಾನೂನಿನೊಳಗೇ ಇದೆ. ಅದು ರೋಗಿಗೆ ಸಿಗಲು ಇದ್ದ ತೊಡಕುಗಳನ್ನು 2014ರ ತಿದ್ದುಪಡಿ ಸಡಿಲಿಸಿತು. ಕೊನೆಯ ದಿನಗಳ ಆರೈಕೆಗೆ ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಅಂಥ ಆರೈಕೆ ತಾಲ್ಲೂಕು ಆಸ್ಪತ್ರೆಗಳಿಗೂ ಬರಬೇಕು. ನೋವಿನಲ್ಲಿ ನರಳುವವರಿಗೆ ಅಧ್ಯಾತ್ಮ ಕಿವಿಗೆ ಬೀಳುವುದಿಲ್ಲ. ಮೊದಲು ನೋವು ತಗ್ಗಿಸಿ, ಆಮೇಲೆ ನಿಜ ಹೇಳಿ. ಅವರು ಬಯಸಿದರೆ, ಕೇಳುವ ಕಿವಿ ಇನ್ನೂ ಇರುವಾಗಲೇ ಭಜನೆಯವರನ್ನು ಕರೆಸಿ.