ಕೆಂಪಿಲಿಯ ಸೊಂಟ

ಪ್ರದರ್ಶನದ ಇಲಿ ಹೇಗಿರಬೇಕೆಂದು ಇಂಗ್ಲೆಂಡಿನ ನ್ಯಾಷನಲ್ ಮೌಸ್ ಕ್ಲಬ್ ಬರೆದಿಟ್ಟಿದೆ. ಉದ್ದನೆಯ ತೆಳು ಮೈ, ಸೊಂಟದ ಮೇಲೆ ತುಸುವೇ ಕಮಾನು. ಟ್ಯೂಲಿಪ್ ಹೂವಿನಾಕಾರದ ದೊಡ್ಡ ಕಿವಿ, ಅದರಲ್ಲಿ ಮಡಿಕೆ ಇರಬಾರದು. ಬಾಲ ಬುಡದಲ್ಲಿ ದಪ್ಪಗಿದ್ದು ಚಾಟಿಯ ತುದಿಯಂತೆ ಸಣ್ಣಗಾಗುತ್ತ ಹೋಗಬೇಕು, ಉದ್ದ ಸುಮಾರು ಮೈಯಷ್ಟೇ ಇರಬೇಕು. ಕಚ್ಚುವ ಸ್ವಭಾವದ ಸುಳಿವೂ ಸಲ್ಲದು. ಇಲಿ ಕಂಡರೆ ಬೋನು ಹುಡುಕುವ ನಮ್ಮಂಥವರಿಗೆ ಇದು ನಗು ತರಿಸಬಹುದು. ಆದರೆ ಈ ಕ್ಲಬ್ಬು ಹುಟ್ಟಿದ್ದು 1895ರಲ್ಲಿ, ಮೆಂಡೆಲನ ಬಟಾಣಿ ಪ್ರಯೋಗಗಳು ಮರುಶೋಧವಾಗುವುದಕ್ಕೂ ಮೊದಲು. ಅಂದಿನಿಂದ ಇಂದಿನವರೆಗೆ ಈ ಜನ ಒಂದು ಪುಟ್ಟ ಪ್ರಾಣಿಯ ರೂಪವನ್ನು ಇಷ್ಟು ನಿಷ್ಠೆಯಿಂದ ತಿದ್ದಿದ್ದಾರೆ ಎಂಬುದಕ್ಕೆ ನನಗೆ ಗೌರವವಿದೆ. ಪ್ರದರ್ಶನದ ಪೆಟ್ಟಿಗೆಗೆ ಕ್ಲಬ್ಬಿನ ಹಿರಿಯ ವಾಲ್ಟರ್ ಮ್ಯಾಕ್ಸಿಯ ಹೆಸರೇ ಇದೆ. ಹೊರಗೆ ಹಸಿರು, ಒಳಗೆ ಕೆಂಪು. ಎಲ್ಲರದೂ ಒಂದೇ ಥರ. ಯಾವ ಇಲಿ ಯಾರ ಮನೆಯದೆಂದು ತೀರ್ಪುಗಾರನಿಗೆ ತಿಳಿಯಬಾರದಲ್ಲ!

ನನ್ನ ತಕರಾರು ಒಂದು ಬಣ್ಣದ ಬಗ್ಗೆ ಮಾತ್ರ. ಮೈಯೆಲ್ಲ ಒಂದೇ ಬಣ್ಣವಿರುವ ಇಲಿಗಳಲ್ಲಿ ಕೆಂಪಿಗೆ ತನ್ನದೇ ಆಕರ್ಷಣೆಯಿದೆ. ಅದು ರಕ್ತದ ಕೆಂಪಲ್ಲ, ಗಾಢವಾದ ಕಂದುಗೆಂಪು. ಜೊತೆಗೆ ಕಪ್ಪು ಕಣ್ಣು. ಒಳ್ಳೆಯ ಕೆಂಪು ಇಲಿಯನ್ನು ಬೆಳಕಿಗೆ ಹಿಡಿದರೆ ಕೂದಲು ಕಂಚಿನಂತೆ ಮಿನುಗುತ್ತದೆ. ಬೆನ್ನಿನ ಮೇಲೆ ಮಸಿ ಬಳಿದಂಥ ಕೂದಲು ಇಣುಕದಂತೆ, ಹೊಟ್ಟೆಯ ಕಡೆ ಬಣ್ಣ ಪೇಲವವಾಗದಂತೆ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಬೇಕು. ಸಾಕುವವನ ಕಣ್ಣು ಎಷ್ಟು ಸೂಕ್ಷ್ಮವೆಂಬುದು ಇಲ್ಲಿ ಗೊತ್ತಾಗುತ್ತದೆ. ಆದರೆ ಹಳೆಯ ಕೆಂಪು ತಳಿಗಳಿಗೆ ಆ ಬಣ್ಣ ಕೊಡುವ ಜೀನು ಮೈಬಣ್ಣದ ಮಟ್ಟಿಗೇ ನಿಲ್ಲುವುದಿಲ್ಲ.

ಫ್ರಾನ್ಸಿನ ನಾನ್ಸಿಯಲ್ಲಿದ್ದ ಜೀವವಿಜ್ಞಾನಿ ಲೂಸಿಯೆನ್ ಕ್ವೇನೊ 1905ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದ. ಹಳದಿ ಇಲಿಗೆ ಹಳದಿ ಇಲಿಯನ್ನೇ ಎಷ್ಟು ಸಲ ಕೂಡಿಸಿದರೂ ಶುದ್ಧ ಹಳದಿ ವಂಶ ಕೈಗೆ ಸಿಗುತ್ತಿರಲಿಲ್ಲ. ಪ್ರತಿ ಬಾರಿಯೂ ಬೇರೆ ಬಣ್ಣದ ಮರಿಗಳು ಹುಟ್ಟುತ್ತಲೇ ಇದ್ದವು. ವಿಜ್ಞಾನಿಗಳು ಹಳದಿ ಎಂದದ್ದನ್ನೇ ಪ್ರದರ್ಶನದವರು ತಿದ್ದಿ ಕೆಂಪಾಗಿಸಿದ್ದಾರೆ, ಜೀನು ಅದೇ. ಹಳದಿಯ ವೀರ್ಯಾಣು ಹಳದಿಯ ಅಂಡವನ್ನು ಕೂಡುವುದೇ ಇಲ್ಲವೇನೋ ಎಂದು ಕ್ವೇನೊ ಊಹಿಸಿದ. ಕೂಡುತ್ತವೆ, ಆದರೆ ಎರಡೂ ಕಡೆಯಿಂದ ಆ ಜೀನು ಬಂದ ಭ್ರೂಣ ಹುಟ್ಟುವ ಮೊದಲೇ ಸಾಯುತ್ತದೆ ಎಂದು 1910ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಲಿಟಲ್ ತೋರಿಸಿದರು. ಅಂದರೆ ಕೆಂಪಿಗೆ ಕೆಂಪು ಕೂಡಿಸಿದರೆ ಪ್ರತಿ ಸೂಲಿನಲ್ಲೂ ಸರಾಸರಿ ಕಾಲು ಭಾಗ ನಷ್ಟ. ಉಳಿದವುಗಳಲ್ಲಿ ಮೂರಕ್ಕೆ ಎರಡು ಕೆಂಪು. ಇದನ್ನು ತಿಳಿದ ಸಾಕಣೆಗಾರರು ಕೆಂಪನ್ನು ಕಪ್ಪು ಅಥವಾ ಚಾಕೊಲೇಟ್ ಬಣ್ಣದ ಇಲಿಯೊಂದಿಗೆ ಕೂಡಿಸುತ್ತಾರೆ. ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಕರಗಿಹೋಗುವ ಭ್ರೂಣಕ್ಕೆ ನೋವಿನ ಅರಿವಿರುವುದಿಲ್ಲವಾದ್ದರಿಂದ ಈ ಸಾವಿನ ಬಗ್ಗೆ ನಾನು ದೊಡ್ಡ ದನಿ ಎತ್ತಲಾರೆ.

ದನಿ ಎತ್ತಬೇಕಾದದ್ದು ಹುಟ್ಟಿ ಬದುಕಿದವುಗಳ ಬಗ್ಗೆ. ಕೂದಲಿನ ಬುಡದಲ್ಲಷ್ಟೇ ಕೆಲಸ ಮಾಡಬೇಕಿದ್ದ ಅಗೂಟಿ ಎಂಬ ಪ್ರೋಟೀನು ಈ ಇಲಿಗಳ ಮೈಯಲ್ಲೆಲ್ಲ ತಯಾರಾಗುತ್ತದೆ. ಚರ್ಮದಲ್ಲಿ ಅದು ಕಪ್ಪು ಬಣ್ಣವನ್ನು ತಡೆಯುತ್ತದೆ. ಮಿದುಳಿನಲ್ಲಿ 'ಇನ್ನು ಸಾಕು' ಎಂದು ಹಸಿವಿಗೆ ಹೇಳುವ ಗ್ರಾಹಕವನ್ನೂ ತಡೆಯುತ್ತದೆ. ಹೀಗಾಗಿ ಇಲಿ ತಿನ್ನುತ್ತಲೇ ಇರುತ್ತದೆ. ಹರೆಯ ಕಳೆದಂತೆ ಅದೇ ಸೂಲಿನ ಕಪ್ಪು ಇಲಿಗಿಂತ ಎದ್ದು ಕಾಣುವಷ್ಟು ದಪ್ಪವಾಗುತ್ತದೆ. ಸಕ್ಕರೆ ಕಾಯಿಲೆಯ ಲಕ್ಷಣ, ಗೆಡ್ಡೆಗಳು ಕಾಣಿಸಿಕೊಳ್ಳುವುದೂ ಹೆಚ್ಚು. ಮನುಷ್ಯರ ಬೊಜ್ಜನ್ನು ಅರ್ಥಮಾಡಿಕೊಳ್ಳಲು ವಿಜ್ಞಾನಿಗಳಿಗೆ ಸಿಕ್ಕ ಒಳ್ಳೆಯ ದಾರಿಗಳಲ್ಲಿ ಈ ಇಲಿಯೂ ಒಂದು.

ಈಗ ಮಾನದಂಡವನ್ನು ಮತ್ತೆ ಓದಿ. ತೆಳು ಮೈ ಬೇಕು, ಗಾಢ ಕೆಂಪೂ ಬೇಕು. ಒಂದೇ ಪ್ರಾಣಿಯಿಂದ ಕ್ಲಬ್ಬು ಪರಸ್ಪರ ಹೊಡೆದಾಡುವ ಎರಡು ಗುಣಗಳನ್ನು ಕೇಳುತ್ತಿದೆ. ಇದಕ್ಕೆ ಸಾಕಣೆಗಾರನಿಗಿರುವ ಸುಲಭದ ಉಪಾಯವೆಂದರೆ ಇಲಿ ಎಳೆಯದಾಗಿರುವಾಗಲೇ ಮೇಜಿನ ಮೇಲಿಡುವುದು. ಪ್ರದರ್ಶನಗಳಲ್ಲಿ ವಯಸ್ಸಿಗೆ ಎರಡೇ ಗೆರೆ: ಎಂಟು ವಾರದೊಳಗಿನದು, ಅದು ದಾಟಿದ್ದು. ಒಂಬತ್ತು ವಾರದ ಇಲಿ ಲೆಕ್ಕಕ್ಕೆ ವಯಸ್ಕ, ಆದರೆ ಬೊಜ್ಜು ಇನ್ನೂ ಮುಖ ತೋರಿಸಿರುವುದಿಲ್ಲ. ತೀರ್ಪುಗಾರ ಬಾಲದ ಬುಡ ಹಿಡಿದೆತ್ತಿ, ತೋಳಿನ ಮೇಲೆ ನಡೆಸಿ, ನಯವಾದ ಸೊಂಟವನ್ನು ಮೆಚ್ಚಿ ರಿಬ್ಬನ್ ಕೊಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ನಿಜ. ಆದರೆ ಅವನು ಮೆಚ್ಚಿದ್ದು ಆ ತಳಿಯ ಬದುಕಿನ ಮೊದಲ ಅಂಕವನ್ನು ಮಾತ್ರ.

ಬೇರೆ ದಾರಿಯೇ ಇಲ್ಲವೆಂದಿದ್ದರೆ ಈ ವಿಮರ್ಶೆ ಬರಿಯ ಗೊಣಗಾಟವಾಗುತ್ತಿತ್ತು. ಅದೇ ಕೆಂಪನ್ನು ಕೊಡುವ ಇನ್ನೊಂದು ಜೀನಿದೆ. ಅದು ಅಪ್ರಬಲ, ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಬಣ್ಣ ಕಾಣುತ್ತದೆ. ಅದು ಕೆಡಿಸುವುದು ಬಣ್ಣ ತಯಾರಿಸುವ ಜೀವಕೋಶಗಳ ಮೇಲಿನ ಗ್ರಾಹಕವನ್ನು. ಹಸಿವಿನ ಗ್ರಾಹಕದ ತಂಟೆಗೆ ಅದು ಹೋಗುವುದಿಲ್ಲ. ಭ್ರೂಣ ಸಾಯುವುದಿಲ್ಲ, ಆ ಪರಿಯ ಬೊಜ್ಜೂ ಬರುವುದಿಲ್ಲ, ಕೆಂಪಿಗೆ ಕೆಂಪು ಕೂಡಿಸಿದರೆ ಮರಿಗಳೆಲ್ಲ ಕೆಂಪೇ. ಹವ್ಯಾಸಿಗಳ ಬಳಿಯೂ ಈ ತಳಿ ಇದೆ. ಬಣ್ಣವನ್ನು ಮಾನದಂಡದ ಮಟ್ಟಕ್ಕೆ ತರಲು ಶ್ರಮ ಬೇಕಾಗಬಹುದು. ಹಾಗೆ ನೋಡಿದರೆ ಶ್ರಮವೇ ಈ ಹವ್ಯಾಸದ ಸುಖವಲ್ಲವೆ?

ಹವ್ಯಾಸಿಗಳ ಪರ ವಾದಿಸುವವರು ವಿಜ್ಞಾನಕ್ಕೆ ಅವರಿತ್ತ ಕೊಡುಗೆಯನ್ನು ಮುಂದಿಡುತ್ತಾರೆ. ಒಪ್ಪತಕ್ಕದ್ದೇ. ಮ್ಯಾಸಚೂಸೆಟ್ಸಿನ ಗ್ರಾನ್‌ಬಿಯಲ್ಲಿ ಇಲಿ ಸಾಕಿ ಮಾರುತ್ತಿದ್ದ ಆ್ಯಬಿ ಲ್ಯಾಥ್ರಾಪ್ ಎಂಬಾಕೆಯ 57ನೇ ಸಂಖ್ಯೆಯ ಹೆಣ್ಣಿಲಿಯ ಸಂತತಿಯೇ ಸಿ57 ಎಂಬ ಕಪ್ಪು ತಳಿ; ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಇಂದು ಅದು ಬಳಕೆಯಲ್ಲಿದೆ. ಮುಂದೆ ಭುವನೇಶ್ವರದಲ್ಲಿ ನೆಲೆಸಿ 1964ರಲ್ಲಿ ಅಲ್ಲೇ ತೀರಿಕೊಂಡ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಯುವಕನಾಗಿದ್ದಾಗ ತಂಗಿ ನವೋಮಿಯೊಂದಿಗೆ ಇಲಿ ಸಾಕಿ, ಬಿಳಿ ಮೈ ಮತ್ತು ಗುಲಾಬಿ ಕಣ್ಣಿನ ಜೀನುಗಳು ಜೊತೆಯಾಗಿ ಸಾಗುತ್ತವೆಂದು 1915ರಲ್ಲಿ ಪ್ರಕಟಿಸಿದ. ಆದರೆ ವಿಜ್ಞಾನಕ್ಕೆ ಕೆಂಪಿಲಿಯ ಬೊಜ್ಜು ಒಂದು ಪ್ರಶ್ನೆ, ಪ್ರದರ್ಶನಕ್ಕೆ ಅದು ಮುಚ್ಚಿಡಬೇಕಾದ ದೋಷ. ಹಳೆಯ ಉಪಕಾರ ಇಂದಿನ ತೀರ್ಪನ್ನು ಸರಿಮಾಡದು.

ಕೆಂಪು ವರ್ಗವನ್ನು ರದ್ದುಮಾಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ಚೆಲುವಾದ ಬಣ್ಣವನ್ನು ಕಳೆದುಕೊಳ್ಳಬಾರದು. ಆ ವರ್ಗದಲ್ಲಿ ಆರು ತಿಂಗಳು ದಾಟಿದ ಇಲಿಗಷ್ಟೇ ಪ್ರಥಮ ಬಹುಮಾನ ಎಂಬ ಒಂದು ಸಾಲನ್ನು ನಿಯಮಕ್ಕೆ ಸೇರಿಸಲಿ. ಯಾವ ಜೀನಿನ ಕೆಂಪು ಉಳಿಯಬೇಕೆಂಬುದನ್ನು ಆಮೇಲೆ ಸಾಕಣೆಗಾರರೇ ತೀರ್ಮಾನಿಸುತ್ತಾರೆ.