ಕಣ್ಣಿನ ಗೆರೆ: ಮಾಂಗಾ ಪಾತ್ರರಚನೆಯ ಕಲಿಕೆ ಮತ್ತು ಮಂಚಿಕೇರಿ ಸೀಮೆಯ ಮುಖವರ್ಣಿಕೆ

ಜಪಾನಿನ ಮಾಂಗಾ ಚಿತ್ರಕಥೆ ಹಾಗೂ ಆನಿಮೆ ಚಲನಚಿತ್ರಗಳ ಪಾತ್ರಗಳನ್ನು ಬರೆಯಲು ಕಲಿಸುವ ಕೈಪಿಡಿಗಳು ಸಾಮಾನ್ಯವಾಗಿ ಒಂದು ವೃತ್ತದಿಂದ ಆರಂಭವಾಗುತ್ತವೆ. ವೃತ್ತದ ಮೇಲೊಂದು ನಡುಗೆರೆ, ಒಂದು ಅಡ್ಡಗೆರೆ. ಕೆಳಗೆ ಚೂಪಾದ ಗಲ್ಲ. ಅಡ್ಡಗೆರೆಯ ಆಧಾರದಲ್ಲಿ ಮುಖದ ಬಹುಭಾಗವನ್ನು ಆವರಿಸುವ ಕಣ್ಣು. ಸೂತ್ರ ಬೇಗ ಕೈವಶವಾಗುತ್ತದೆ. ಕಣ್ಣು ಅಷ್ಟು ದೊಡ್ಡದಾಗಿರುವುದೇಕೆ ಎಂಬ ಪ್ರಶ್ನೆಯನ್ನು ಮಾತ್ರ ಇಂತಹ ಪಾಠಗಳು ವಿರಳವಾಗಿ ಎತ್ತುತ್ತವೆ.

ಉತ್ತರದ ಒಂದು ಭಾಗ ರಂಗಭೂಮಿಯಲ್ಲಿದೆ. ಆಧುನಿಕ ಮಾಂಗಾಕ್ಕೆ ರೂಪ ಕೊಟ್ಟ ಒಸಾಮು ತೆಜುಕಾ (1928–1989) ಬೆಳೆದದ್ದು ತಕರಜುಕಾ ಪಟ್ಟಣದಲ್ಲಿ. ಸ್ತ್ರೀಯರೇ ಪುರುಷಪಾತ್ರಗಳನ್ನೂ ವಹಿಸುವ ಅಲ್ಲಿನ ಸಂಗೀತ ನಾಟಕಗಳನ್ನು ಅವರು ಬಾಲ್ಯದಲ್ಲೇ ಕಂಡಿದ್ದರು. 1953ರಲ್ಲಿ ಪ್ರಕಟಣೆ ಆರಂಭವಾದ ‘ರಿಬೊನ್ ನೊ ಕಿಶಿ’ ಎಂಬ ಕಥಾಮಾಲಿಕೆಯ ಹೊಳೆವ ಕಣ್ಣುಗಳಲ್ಲಿ ಡಿಸ್ನಿ ಚಿತ್ರಗಳ ಪ್ರಭಾವದೊಂದಿಗೆ ಆ ನಟಿಯರ ಬಣ್ಣ ಹಚ್ಚಿದ ಮುಖದ ಪ್ರಭಾವವನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಕಾಗದದ ಮೇಲಿನ ಈ ಕಣ್ಣು ಭಾಗಶಃ ವೇಷದ ಕಣ್ಣೇ ಆಗಿದೆ.

ಯಲ್ಲಾಪುರ ತಾಲೂಕಿನ ಮಂಚಿಕೇರಿಯಂತಹ ಊರಿನಲ್ಲಿ ಚಿತ್ರ ಕಲಿಯುವವರಿಗೆ ಈ ಸಂಗತಿ ದೂರದ್ದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲಿನ ಸೀಮೆ ಬಡಾಬಡಗು ಯಕ್ಷಗಾನದ ನೆಲೆ. ಚೌಕಿಯಲ್ಲಿ ಕಲಾವಿದನು ಕನ್ನಡಿಯ ಮುಂದೆ ಕುಳಿತು ತನ್ನ ಮುಖವನ್ನು ಸಾಮಾನ್ಯವಾಗಿ ತಾನೇ ಬರೆದುಕೊಳ್ಳುತ್ತಾನೆ. ಕೋಡಂಗಿ, ಬಾಲಗೋಪಾಲರಿಂದ ಮೊದಲಾಗುವ ಅವನ ಕಲಿಕೆಯಲ್ಲಿ ಚಿತ್ರಕಾರನೂ ಚಿತ್ರದ ಹಲಗೆಯೂ ಒಬ್ಬನೇ. ಚಿತ್ರಕಲೆಯ ತರಗತಿಯು ಇದನ್ನು ಚಿತ್ರವಿದ್ಯೆಯೆಂದು ಲೆಕ್ಕಿಸದೆ ಹೋದದ್ದು ವಿಚಿತ್ರ. ಯಕ್ಷಗಾನವನ್ನು ಕುಣಿತ ಮತ್ತು ಮಾತುಗಾರಿಕೆಗಳಿಗೆ ಸೀಮಿತಗೊಳಿಸಿ ನೋಡುವ ರೂಢಿಯೂ ಇದಕ್ಕೆ ಕಾರಣವಿರಬಹುದು.

ಎರಡೂ ಪದ್ಧತಿಗಳು ವ್ಯಕ್ತಿಯನ್ನಲ್ಲ, ವರ್ಗವನ್ನು ಮೊದಲು ಬರೆಯುತ್ತವೆ. ತೆಜುಕಾ ತಮ್ಮ ಪಾತ್ರಗಳನ್ನು ಮೇಳದ ನಟರಂತೆ ಕಂಡು, ಅದೇ ಮುಖಕ್ಕೆ ಒಂದೊಂದು ಕಥೆಯಲ್ಲಿ ಒಂದೊಂದು ಪಾತ್ರವನ್ನು ಹಂಚುತ್ತಿದ್ದರು. ಕೇದಗೆ ಮುಂದಲೆಯ ತರುಣ ವೀರನು ಅಭಿಮನ್ಯುವೋ ಬಭ್ರುವಾಹನನೋ ಎಂಬುದನ್ನು ಮುಖ ಹೇಳುವುದಿಲ್ಲ; ಭಾಗವತರ ಪದ್ಯ ಮತ್ತು ಅರ್ಥ ಹೇಳುತ್ತವೆ. ಆದುದರಿಂದ ‘ಮಾಂಗಾದ ಮುಖಗಳೆಲ್ಲ ಒಂದೇ’ ಎಂಬ ದೇಸಿವಾದಿ ಆಕ್ಷೇಪಕ್ಕೆ ಹೆಚ್ಚಿನ ಬಲವಿಲ್ಲ. ಆ ಮಾತು ನಮ್ಮ ವೇಷಗಳಿಗೂ ಸಲ್ಲುತ್ತದೆ.

ನಿಜವಾದ ಭೇದ ಚಲನೆಯದು. 1963ರಲ್ಲಿ ಜಪಾನಿನ ದೂರದರ್ಶನದಲ್ಲಿ ಆರಂಭವಾದ ‘ತೆತ್ಸುವಾನ್ ಆತೊಮು’ ಸರಣಿಯಲ್ಲಿ ಹಣ, ಸಮಯ ಎರಡೂ ಕಡಿಮೆಯಿದ್ದುದರಿಂದ ಚಿತ್ರಗಳ ಸಂಖ್ಯೆಯನ್ನು ಮಿತಗೊಳಿಸಲಾಯಿತು. ಮುಖ ನಿಶ್ಚಲವಾಗಿದ್ದು ಬಾಯಿಯಷ್ಟೇ ಆಡುವಂತಹ ಚಿತ್ರಿಕೆಯಲ್ಲಿ ಭಾವದ ಭಾರವನ್ನು ದೊಡ್ಡ ಕಣ್ಣು ಹೊರಬಲ್ಲದು. ಯಕ್ಷಗಾನದಲ್ಲಿ ಕಾಡಿಗೆಯ ಗೆರೆ ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಅಗತ್ಯದಿಂದ. ಅಲ್ಲಿ ಕಣ್ಣು, ಹುಬ್ಬುಗಳು ನಿಜವಾಗಿಯೇ ಚಲಿಸುತ್ತವೆ. ಆ ಚಲನೆಯನ್ನು ದೂರದ ಪ್ರೇಕ್ಷಕನಿಗೆ ಗೆರೆ ಹಿಗ್ಗಿಸಿ ತೋರಿಸುತ್ತದೆ. ಒಂದು ಗೆರೆ ಇಲ್ಲದ ಚಲನೆಯನ್ನು ತುಂಬಿಕೊಡುತ್ತದೆ, ಇನ್ನೊಂದು ಇರುವುದನ್ನು ಕಾಣಿಸುತ್ತದೆ.

ಬಣ್ಣಕ್ಕೂ ಇಂತಹದೇ ಕಾರಣಗಳಿದ್ದವು. ಅರದಾಳದ ಹಳದಿ, ಇಂಗಳಿಕದ ಕೆಂಪುಗಳು ಪಂಜಿನ ಬೆಳಕಿಗೆ ಒಗ್ಗಿದವು. ಮುಂದೆ ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ ಬಂದವು. ಅರದಾಳ ಶಂಖಪಾಷಾಣದ ಸಂಯುಕ್ತ, ಇಂಗಳಿಕ ಪಾದರಸದ್ದು. ಅವುಗಳ ಬಳಕೆ ಹಿಂದೆ ಸರಿದುದನ್ನು ಆಕ್ಷೇಪಿಸಲಾಗದು. ಆದರೆ ಬಣ್ಣದೊಂದಿಗೆ ಅದರ ಕಾರಣವೂ ಮರೆಯಾಗುತ್ತಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ದಂತಹ ಗ್ರಂಥಗಳು ಪರಂಪರೆಯನ್ನು ದಾಖಲಿಸಿರಬಹುದು, ಯಾವ ಗೆರೆಯ ನಂತರ ಯಾವುದು, ಎಷ್ಟು ಒತ್ತಿ ಎಂಬುದು ಇಂದಿಗೂ ಹೆಚ್ಚಾಗಿ ಹಿರಿಯರ ಕೈಯಲ್ಲಿಯೇ ಉಳಿದಿದೆ.

ಕೈಪಿಡಿಯ ಕ್ರಮವನ್ನಷ್ಟೇ ಬಲ್ಲವನು ಅಭಿಮನ್ಯುವನ್ನು ಮಾಂಗಾ ಶೈಲಿಯಲ್ಲಿ ಬರೆಯಹೊರಟಾಗ ಕೊರತೆ ಕಣ್ಣಿಗಿಂತ ಮೊದಲು ಕುತ್ತಿಗೆಯಲ್ಲಿ ಗೋಚರಿಸುತ್ತದೆ. ಕೇದಗೆ ಮುಂದಲೆಯನ್ನು ಅವನು ಕೂದಲಿನ ಮೇಲಿಟ್ಟ ಆಭರಣವೆಂದು ಭಾವಿಸಿ ತೆಳುವಾದ ಕತ್ತನ್ನು ಬರೆಯುತ್ತಾನೆ. ಮುಂದಲೆಯಾದರೋ ತಲೆಗೆ ಬಿಗಿದು ಕಟ್ಟಿದ ಭಾರ. ಅದನ್ನು ಹೊತ್ತವನು ಕತ್ತನ್ನು ನೆಟ್ಟಗೆ ನಿಲ್ಲಿಸಿ, ತಿರುಗುವಾಗ ಭುಜವನ್ನೂ ಜೊತೆಗೆ ತಿರುಗಿಸುತ್ತಾನೆ.